ಹೆಪ್ಪು

ಅಕ್ಕನ ಮಗಳು ಪುಟ್ಟಿ ಸಂಜೆ ಬರುತ್ತಾಳೆ, ಬಟ್ಟೆಬರೆ ಕಟ್ಟಿಕೊಂಡೇ ಬರುತ್ತಾಳೆ, ಬಂದವಳು ಮತ್ತೆ ಅಪ್ಪನ ಮನೆಯ ಹೊಸಿಲು ತುಳಿಯುವುದಿಲ್ಲವಂತೆ. ಬೆಳಗ್ಗೆ ಫೋನಿನಲ್ಲಿ ಇಷ್ಟನ್ನು ಕೇಳಿದಾಗಿನಿಂದ ಪ್ರಯೋಗಶಾಲೆಯಲ್ಲಿ ಕೂತ ಚಿಕ್ಕಮ್ಮನ ಕೈ ಸ್ತಿಮಿತದಲ್ಲಿರಲಿಲ್ಲ. ಕೈ ಸ್ತಿಮಿತದಲ್ಲಿಲ್ಲದ ದಿನ ಈ ಕೆಲಸಕ್ಕೆ ಕೂರಬೇಡಿ ಎಂದು ಹೊಸಬರಿಗೆಲ್ಲ ಹೇಳಿಕೊಡುವವಳೂ ಅವಳೇ. ಎದುರಿನ ಫ್ಲಾಸ್ಕಿನಲ್ಲಿ ಪಲ್ಲಾಡಿಯಂ ಉಪ್ಪು ಕರಗಿದ ಹಳದಿ ನೀರು ತನ್ನ ಪಾಡಿಗೆ ಸುತ್ತುತ್ತಿತ್ತು. ಮೇಲೆ ಸಿಕ್ಕಿಸಿದ ಗಾಜಿನ ಕೊಳವೆಯಿಂದ ಇನ್ನೊಂದು ದ್ರಾವಣ ಅದರೊಳಕ್ಕೆ ಹನಿಹನಿಯಾಗಿ ಬೀಳಬೇಕು; ಬಿದ್ದ ಪ್ರತಿ ಹನಿಗೂ ಉಪ್ಪಿನೊಳಗೆ ಅಡಗಿದ್ದ ಲೋಹ ಮತ್ತೆ ಲೋಹವಾಗಿ ಹೊರಬರುತ್ತದೆ, ಯಾವ ಕಣ್ಣಿಗೂ ಕಾಣದಷ್ಟು ಸಣ್ಣ ಕಣವಾಗಿ. ಮೊದಲೇ ಕರಗಿಸಿಟ್ಟ ಅಂಟುಪುಡಿ ಒಂದೊಂದು ಕಣವನ್ನೂ ಸುತ್ತುವರಿದು, ಪಕ್ಕದ ಕಣಕ್ಕೆ ತಾಗದಂತೆ ಕಾಯುತ್ತದೆ. ಅವಸರ ಮಾಡಿ ಹನಿ ಜೋರಾಗಿ ಬಿಟ್ಟರೆ ಕಾಯುವುದಕ್ಕೆ ಪುರುಸೊತ್ತೇ ಇರುವುದಿಲ್ಲ. ಕಣಗಳು ಒಂದಕ್ಕೊಂದು ಅಂಟಿ, ಗಂಟಾಗಿ, ಕಪ್ಪು ಮಡ್ಡಿಯಾಗಿ ತಳದಲ್ಲಿ ಕೂತುಬಿಡುತ್ತವೆ. ಕೂತದ್ದನ್ನು ಎಷ್ಟು ಕಲಕಿದರೂ ಮತ್ತೆ ಬಿಡಿಸಲಾಗುವುದಿಲ್ಲ. ಅವಳು ಕೊಳವೆಯ ತಿರುಪನ್ನು ಇನ್ನಷ್ಟು ಬಿಗಿ ಮಾಡಿದಳು. ಹಳದಿ ಮೆಲ್ಲಗೆ ಕಂದಾಗತೊಡಗಿತ್ತು. ಪುಟ್ಟಿ ಬರುತ್ತಾಳೆಂದು ತನಗೆ ಸಂತೋಷವಾಗಿದೆ, ನಿಜವಾಗಿಯೂ ಸಂತೋಷವಾಗಿದೆ, ಬೆಳಗ್ಗೆಯೇ ಒಳಕೋಣೆಯ ಕಪಾಟಿನಲ್ಲಿ ಎರಡು ಅರೆಗಳನ್ನು ಖಾಲಿ ಮಾಡಿಟ್ಟು ಬಂದಿದ್ದಾಳೆ ಎಂಬುದು ನೆನಪಾಗಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

'ಅಪ್ಪನ ಮುಖ ನೋಡೋಕಾಗ್ತಿಲ್ಲ ಚಿಕ್ಕಮ್ಮ,' ಎಂದಿದ್ದಳು ಪುಟ್ಟಿ. 'ಅವತ್ತು ಅಮ್ಮನ್ನ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಗಾಡಿ ಬಾಗಿಲಲ್ಲೇ ನಿಂತಿತ್ತಂತೆ. ಇವರೇ ಬೇಡ ಅಂದ್ರಂತೆ. ಅಮ್ಮ ಇದ್ದ ಆಸ್ಪತ್ರೆ ನರ್ಸ್ ಮೊನ್ನೆ ಸಿಕ್ಕಿದ್ಲು, ಅವಳೇ ಹೇಳಿದ್ಲು. ಯಾಕೆ ಬೇಡ ಅಂದ್ರಿ ಅಂತ ಕೇಳಿದ್ರೆ ಗೋಡೆ ನೋಡ್ತಾರೆ. ನಾನು ಆ ಮನೇಲಿ ಇರಲ್ಲ. ನಿಮ್ಮ ಹತ್ರ ಇರ್ತೀನಿ. ನೀವಾಗಿದ್ರೆ ಅಮ್ಮನ್ನ ಹಾಗೆ ಬಿಡ್ತಿರ್ಲಿಲ್ಲ.' ಅಕ್ಕ ಬಿದ್ದ ದಿನ ಪುಟ್ಟಿ ಪರೀಕ್ಷೆ ಬರೆಯಲು ಬೇರೆ ಊರಿಗೆ ಹೋಗಿದ್ದಳು. ಅವಳು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಫೋನು ಕಿವಿಗೆ ಹಿಡಿದ ಚಿಕ್ಕಮ್ಮ ಬರೀ 'ಬಾ' ಎಂದಿದ್ದಳು. ಬೇರೇನು ಹೇಳಬಹುದಿತ್ತು? ಹಾಗೇ ಬಿಡಿ ಎಂದವಳು ಈ ಚಿಕ್ಕಮ್ಮನೇ ಎಂಬುದು ಪುಟ್ಟಿಗೆ ಗೊತ್ತಿಲ್ಲ. ಭಾವ ಮಗಳಿಗೆ ಹೇಳಿಲ್ಲ. ಆದರೆ ಆ ಮಾತು ಅಕ್ಕನ ಬಗ್ಗೆ ಆಡಿದ ಮಾತೇ ಅಲ್ಲ ಎಂಬುದು ಭಾವನಿಗೂ ಗೊತ್ತಿಲ್ಲ. ಅದು ಗೊತ್ತಿರುವುದು ಲೋಕದಲ್ಲಿ ಅವಳೊಬ್ಬಳಿಗೆ. ಇವತ್ತು ಸಂಜೆ ಪುಟ್ಟಿ ಬ್ಯಾಗು ಹಿಡಿದು ಬಂದು ಬಾಗಿಲಲ್ಲಿ ನಿಂತರೆ, ತಾನು ಬಾಯಿ ಮುಚ್ಚಿಕೊಂಡು ಒಳಗೆ ಕರೆದುಕೊಂಡರೆ, ಅಲ್ಲಿಗೆ ಭಾವನಿಗೆ ಹೆಂಡತಿಯೂ ಇಲ್ಲ, ಮಗಳೂ ಇಲ್ಲ. ಇಬ್ಬರನ್ನೂ ಕಳೆದವಳು ತಾನೇ ಆಗುತ್ತೇನೆ ಎಂದುಕೊಂಡಳು. ಹಾಗಂದುಕೊಂಡರೂ ಕಪಾಟಿನ ಆ ಎರಡು ಖಾಲಿ ಅರೆ ಕಣ್ಣಮುಂದಿನಿಂದ ಹೋಗಲಿಲ್ಲ.

ಈ ದ್ರಾವಣಕ್ಕೆ ಹೆಪ್ಪು ಎಂದು ಹೆಸರಿಟ್ಟವಳು ಅಕ್ಕ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ಅಕ್ಕನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತ, ತಾನು ಮಾಡುವುದೇನೆಂದು ವಿವರಿಸಲು ಹೊರಟಿದ್ದಳು. ಪ್ಲಾಸ್ಟಿಕ್ಕಿನ ನಲ್ಲಿಯ ತಿರುಪಿಗೆ ಲೋಹ ತಾನಾಗಿ ಹಿಡಿಯುವುದಿಲ್ಲ ಅಕ್ಕ, ಮೊದಲು ಅದರ ಮೈಮೇಲೆಲ್ಲ ಪಲ್ಲಾಡಿಯಂ ಕಣ ಕೂರಿಸಬೇಕು, ಅದು ವೇಗವರ್ಧಕ, ಆಮೇಲೆ ನಿಕ್ಕಲ್ ನೀರಿನ ಟ್ಯಾಂಕಿಗೆ ಇಳಿಸಿದರೆ ಕರೆಂಟು ಕೂಡ ಬೇಕಿಲ್ಲ, ಆ ಕಣದ ಸುತ್ತಲೇ ನಿಕ್ಕಲ್ ಹಿಡಿಯಲು ಶುರುವಾಗುತ್ತದೆ, ಒಮ್ಮೆ ಶುರುವಾದರೆ ಸಾಕು, ಮಿಕ್ಕದ್ದನ್ನು ಅದೇ ನೋಡಿಕೊಳ್ಳುತ್ತದೆ. ಅಕ್ಕ ಬೆಚ್ಚಗಿನ ಹಾಲಿಗೆ ಚಮಚದ ತುದಿಯಲ್ಲಿ ಒಂದಿಷ್ಟು ಮೊಸರು ಬಿಟ್ಟು ಕಲಕುತ್ತಿದ್ದವಳು ತಲೆಯೆತ್ತಲಿಲ್ಲ. 'ಹೆಪ್ಪು ಹಾಕ್ತೀನಿ ಅಂತ ಹೇಳೆ. ಅದಕ್ಕೆ ಅಷ್ಟೊಂದು ಓದಬೇಕಿತ್ತಾ?' ಎಂದಳು. ಎಂದು ನಕ್ಕಳು. ಅಕ್ಕನ ನಗು ಬಾಯಿಂದ ಶುರುವಾಗುತ್ತಿರಲಿಲ್ಲ. ಮೊದಲು ಸದ್ದಿಲ್ಲದೆ ಭುಜ ಕುಣಿಯುತ್ತಿತ್ತು, ಆಮೇಲೆ ಅಂಗೈ ಬಾಯಿಗೆ ಹೋಗುತ್ತಿತ್ತು, ಸದ್ದು ಬರುವುದು ಎಲ್ಲಕ್ಕಿಂತ ಕೊನೆಗೆ. ಅಮ್ಮ ತೀರಿಕೊಂಡ ಮೇಲೆ ತನಗೆ ತಲೆ ಬಾಚಿ, ಊಟ ಹಾಕಿ, ಫೀಸು ಕಟ್ಟಿ, ಓದಿಸಿ ಈ ಗಾಜಿನ ಕೊಳವೆಯ ಮುಂದೆ ತಂದು ಕೂರಿಸಿದವಳು ಅವಳೇ ಆದದ್ದರಿಂದ ಅಷ್ಟು ಗೇಲಿ ಮಾಡುವ ಹಕ್ಕು ಅವಳಿಗಿತ್ತು. ಮರುದಿನ ಕಾರ್ಖಾನೆಯಲ್ಲಿ ಆ ಮಾತನ್ನು ತಮಾಷೆಗೆ ಹೇಳಿದ್ದೇ ತಡ, ಅದು ಎಲ್ಲರ ನಾಲಿಗೆಗೂ ಹತ್ತಿಬಿಟ್ಟಿತು. ಇವತ್ತಿನ ಹೆಪ್ಪು ಚೆನ್ನಾಗಿದೆ, ಹೆಪ್ಪು ಕಮ್ಮಿ ಬಿದ್ದಿದೆ, ಹೆಪ್ಪು ಬಂತಾ ಎಂದು ಮ್ಯಾನೇಜರು ಕೂಡ ಕೇಳತೊಡಗಿದರು. ಕಣಗಳು ಗಂಟುಕಟ್ಟಿ ತಳಕ್ಕೆ ಕೂತರೆ 'ಹೆಪ್ಪುಗಟ್ಟಿದೆ' ಎನ್ನುತ್ತಿದ್ದರು. ಮನೆಯಲ್ಲಿ ಹೆಪ್ಪುಗಟ್ಟಿದರೆ ಕೆಲಸ ಆಯಿತೆಂದು ಅರ್ಥ, ಇಲ್ಲಿ ಕೆಲಸ ಕೆಟ್ಟಿತೆಂದು ಅರ್ಥ. ತಿದ್ದಬೇಕೆಂದು ಅವಳಿಗೆ ಆಗೀಗ ಅನ್ನಿಸಿದ್ದುಂಟು, ಮಾತು ನಗು ಬರಿಸುತ್ತಿತ್ತಾದ್ದರಿಂದ ಬಿಟ್ಟಿದ್ದಳು.

ಲೋಹ ಹಿಡಿಸುವ ಪ್ಲೇಟಿಂಗ್ ಶೆಡ್ಡಿನ ಮೇಸ್ತ್ರಿಗೂ ಹೀಗೆಯೇ ಒಂದು ಹೆಸರು ಅಂಟಿಕೊಂಡಿತ್ತು. ಅವನ ಹೆಂಡತಿಯ ತಮ್ಮಂದಿರಿಬ್ಬರು ಅಲ್ಲೇ ಟ್ಯಾಂಕಿನ ಕೆಲಸಕ್ಕಿದ್ದರು. ಅವರು ಭಾವ ಭಾವ ಎಂದು ಕೂಗುವುದನ್ನು ಕೇಳಿ ಕೇಳಿ ಶೆಡ್ಡಿನವರೆಲ್ಲ ಭಾವ ಎಂದರು, ಆಫೀಸಿನವರು ಭಾವ ಎಂದರು, ವಯಸ್ಸಿನಲ್ಲಿ ಹಿರಿಯರಾದ ಮ್ಯಾನೇಜರೂ ಭಾವ ಎಂದರು. ಇಡೀ ಕಾರ್ಖಾನೆಯೇ ನನಗೆ ಹೆಣ್ಣು ಕೊಟ್ಟ ಹಾಗಾಯಿತು ಎಂದು ಮೇಸ್ತ್ರಿಯೇ ನಗುತ್ತಿದ್ದ. ಪ್ರಯೋಗಶಾಲೆಯ ಹೊರಗೆ ಓಣಿಯ ಗೋಡೆಗೆ ಒಂದು ಫೋನಿತ್ತು. ಒಳಗೆ ಮೊಬೈಲು ತರುವಂತಿಲ್ಲ, ಎಲ್ಲರದೂ ಗೇಟಿನ ಬಳಿಯ ಕಪಾಟಿನಲ್ಲಿ. ಆದ್ದರಿಂದ ಯಾರಿಗೆ ಏನು ಬೇಕಾದರೂ ಆ ಗೋಡೆಯ ಫೋನಿಗೇ ಬರಬೇಕು. ಅದರ ಪಕ್ಕದಲ್ಲಿ ಕೂರುವ ಸ್ಟೋರಿನವನಿಗೆ ರೇಡಿಯೋ ಎಂದು ಹೆಸರು, ಯಾಕೆಂದು ಕೇಳಬೇಕಾಗಿಲ್ಲ. ಹೇಳಿದ್ದನ್ನು ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಮ್ಮಿಯಿಲ್ಲದೆ ಮುಟ್ಟಿಸುತ್ತೇನೆ ಎಂದು ಅವನಿಗೆ ಹೆಮ್ಮೆ. ಆ ಹೆಮ್ಮೆಯಲ್ಲಿ ಸುಳ್ಳೇನೂ ಇರಲಿಲ್ಲ.

ಅವತ್ತೂ ಅವಳು ಹೀಗೆಯೇ ಕೊಳವೆಯ ಮುಂದೆ ಕೂತಿದ್ದಳು. ಹನಿ ಬೀಳುತ್ತಿತ್ತು, ಎದ್ದು ಹೋಗುವಂತಿರಲಿಲ್ಲ. ಬೆಳಗಿನಿಂದ ಶೆಡ್ಡಿನಿಂದ ಮೇಲಿಂದ ಮೇಲೆ ಫೋನು ಬಂದು ಅವಳ ತಲೆ ಕೆಟ್ಟಿತ್ತು. ಹೆಪ್ಪಿನ ಟ್ಯಾಂಕು ಯಾಕೋ ಮಂಕಾಗಿದೆ, ಬಂದು ನೋಡಿ ಎಂದು ಮೇಸ್ತ್ರಿಯ ವರಾತ. ಮಧ್ಯಾಹ್ನದ ಹೊತ್ತಿಗೆ ರೇಡಿಯೋ ಬಾಗಿಲಿನಿಂದ ತಲೆ ಹಾಕಿದ.

'ಮೇಡಂ, ಭಾವ ಫೋನ್ ಮಾಡಿದಾರೆ. ಹೆಪ್ಪುಗಟ್ಟಿದೆಯಂತೆ. ಏನು ಮಾಡೋದು ಅಂತ ನಿಮ್ಮನ್ನೇ ಕೇಳಬೇಕಂತೆ.'

'ಪೂರ್ತಿನಾ?'

ರೇಡಿಯೋ ಹೋಗಿ ಕೇಳಿಕೊಂಡು ಬಂದ. 'ಒಂದು ಕಡೆ ಪೂರ್ತಿ ಅಂತೆ. ಬೇರೆ ಕಡೆಗೆ ಸಾಗಿಸಬೇಕಾ, ಅಥವಾ ಇಲ್ಲೇ ಇರಲಾ ಅಂತಿದಾರೆ.'

'ಸಾಗಿಸೋದೆಲ್ಲ ಬೇಡ. ಅಲುಗಾಡಿಸಲೇಬೇಡಿ ಅನ್ನು. ಹಾಗೇ ಬಿಡಲಿ. ಇವತ್ತಿನ್ನು ಏನೂ ಮಾಡೋಕಾಗಲ್ಲ, ನಾಳೆ ನಾನೇ ಬಂದು ನೋಡ್ತೀನಿ.' ಮಡ್ಡಿ ಒಂದು ರಾತ್ರಿ ಕದಡದೆ ಕೂತರೆ ಸೋಸಿ ಲೋಹವನ್ನಾದರೂ ಉಳಿಸಿಕೊಳ್ಳಬಹುದು ಎಂಬ ಲೆಕ್ಕ ಅವಳದು. ಕಣ್ಣು ಹನಿಯ ಮೇಲೇ ಇತ್ತು. ರೇಡಿಯೋ ತಿರುಗಿ ಹೊರಟಾಗ ಸಿಟ್ಟು ತಡೆಯದೆ, 'ಇಷ್ಟಕ್ಕೆಲ್ಲ ನನ್ನನ್ನ ಕೇಳಬೇಕಾ ಅಂತಾನೂ ಕೇಳು,' ಎಂದಿದ್ದಳು. ಆ ಮಾತನ್ನು ಅವನು ದಾಟಿಸಿದನೋ ಇಲ್ಲವೋ ಎಂದು ಕೇಳುವ ಧೈರ್ಯ ಅವಳಿಗೆ ಇವತ್ತಿನವರೆಗೂ ಬಂದಿಲ್ಲ. ಆಮೇಲೆ ಎಷ್ಟು ಸಲ ಈ ಮಾತುಗಳನ್ನು ಬಾಯಲ್ಲಿ ಹೊರಳಿಸಿ ನೋಡಿದ್ದಾಳೋ. ಅವುಗಳಲ್ಲಿ ಎಲ್ಲೂ ಟ್ಯಾಂಕು ಎಂಬ ಶಬ್ದವಿಲ್ಲ. ಎಲ್ಲೂ ಅಕ್ಕ ಎಂಬ ಶಬ್ದವಿಲ್ಲ. ಯಾರು ಯಾರನ್ನು, ಯಾವುದು ಯಾವುದನ್ನು ಎಂದು ಹೇಳದೆಯೇ ನಮ್ಮ ಮಾತು ಎಷ್ಟು ಸಲೀಸಾಗಿ ನಡೆದುಹೋಗುತ್ತದೆ. ಹೆಪ್ಪುಗಟ್ಟಿದೆ. ಅಲುಗಾಡಿಸಬೇಡಿ. ಹಾಗೇ ಬಿಡಿ.

ಸಂಜೆ ಗೇಟಿನ ಕಪಾಟಿನಿಂದ ಮೊಬೈಲು ತೆಗೆದಾಗ ಅದರ ತುಂಬ ಭಾವನ ಹೆಸರಿತ್ತು. ಓಡಿಹೋದಳು. ಆಸ್ಪತ್ರೆಯಲ್ಲಿ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಬಾಯಿಯ ಒಂದು ತುದಿ ಕೆಳಗೆ ಜಾರಿತ್ತು. ಭಾವ ಸ್ಟೂಲಿನಿಂದ ಎದ್ದು ಅವಳಿಗೆ ಜಾಗ ಬಿಟ್ಟು, 'ನೀನು ಹೇಳಿದ ಹಾಗೇ ಮಾಡಿದೀನಿ, ಅಲುಗಾಡಿಸಿಲ್ಲ,' ಎಂದರು. ಅಲುಗಾಡಿಸು ಎಂಬ ಆ ಒಂದು ಮಾತಿನಿಂದ ಅವಳಿಗೆ ಎಲ್ಲವೂ ಹೊಳೆಯಿತು. ಮನುಷ್ಯರ ಬಗ್ಗೆ ಯಾರೂ ಹಾಗೆ ಹೇಳುವುದಿಲ್ಲ. ಭಾವ ಅದನ್ನು ತಮಗೆ ಗೊತ್ತಿಲ್ಲದ ವೈದ್ಯದ ಮಾತೆಂದು ತಿಳಿದು ಜೋಪಾನವಾಗಿ ಹಿಡಿದುಕೊಂಡಿದ್ದರು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಒಂದು ಕಡೆ ಪೂರ್ತಿ ಬಿದ್ದುಹೋಗಿದೆ, ದೊಡ್ಡ ಆಸ್ಪತ್ರೆಗೆ ಸಾಗಿಸಿ ಆಪರೇಷನ್ ಮಾಡಿಸಿದರೆ ಮಾಡಿಸಬಹುದು, ದಾರಿಯಲ್ಲಿ ಏನಾದರೂ ಆಗಬಹುದು, ನೀವೇ ತೀರ್ಮಾನ ಮಾಡಿ ಎಂದಿದ್ದರಂತೆ ಡಾಕ್ಟರು. ಹೊಲಿಗೆ ಯಂತ್ರ ರಿಪೇರಿ ಮಾಡಿ ಬದುಕಿದ ಮನುಷ್ಯ ಏನು ತೀರ್ಮಾನ ಮಾಡಿಯಾರು, ಮನೆಯಲ್ಲಿ ಓದಿದವಳು ಒಬ್ಬಳಿದ್ದಾಳೆ ಎಂದು ಫೋನು ಮಾಡಿದ್ದರು. ಆ ಮಾತು ಟ್ಯಾಂಕಿನದೆಂದು ಭಾವನಿಗೆ ಆಗಲೇ ಹೇಳಬಹುದಿತ್ತು. ಗಾಡಿ ತರಿಸಿ ಎಂದು ಕೂಗಬಹುದಿತ್ತು. ಈಗಲಾದರೂ ಸಾಗಿಸಬಹುದೇ ಎಂದು ಡಾಕ್ಟರನ್ನು ಅವಳು ಕೇಳಿದ್ದೇನೋ ಹೌದು. ಈಗ ಹೊತ್ತು ಮೀರಿದೆ ಎಂದರು ಡಾಕ್ಟರು. ಮೊದಲೇ ಹೋಗಿದ್ದರೂ ಹೀಗೇ ಆಗುತ್ತಿತ್ತೋ ಏನೋ, ಹೇಳಲಾಗದು ಎಂದೂ ಸೇರಿಸಿದರು. ಡಾಕ್ಟರುಗಳು ಎಲ್ಲರಿಗೂ ಹೇಳುವ ಮಾತು ಅದು. ಬೆಳಗಾಗುವ ಮೊದಲೇ ಅಕ್ಕ ಹೋದಳು. ಎಂಥ ಗಟ್ಟಿ ಹೆಂಗಸು, ಒಂದು ಹನಿ ಕಣ್ಣೀರಿಲ್ಲ ಎಂದು ಬಂದವರೆಲ್ಲ ಅವಳ ಬಗ್ಗೆ ಮಾತಾಡಿಕೊಂಡರು. ಅಳುವುದಕ್ಕೆ ಬಾಯಿ ತೆಗೆದರೆ ಅಳುವಿನ ಜೊತೆ ಅದೂ ಹೊರಗೆ ಬಂದೀತೆಂದು ಹಲ್ಲು ಕಚ್ಚಿದ್ದಳು, ಅಷ್ಟೇ. ಕೆಲಸಕ್ಕೆ ಮರಳಿದ ದಿನ ಮೇಸ್ತ್ರಿಯನ್ನು ಕೇಳಿದಳು. ಆ ಮಧ್ಯಾಹ್ನ ಅವನು ಫೋನೇ ಮಾಡಿರಲಿಲ್ಲ.

ಅದಾಗಿ ವರ್ಷವಾಗುತ್ತ ಬಂತು. ಅವಳು ಅಕ್ಕನ ಮನೆಗೆ ಹೋದಾಗಲೆಲ್ಲ ಭಾವ ಚಹಾ ಮಾಡಿ ತಂದಿಟ್ಟು ಅದನ್ನೇ ಹೇಳುತ್ತಾರೆ. 'ನೀನು ಹೇಳಿರದಿದ್ರೆ ನಾನು ಗಾಬರಿಗೆ ಹೂಂ ಅಂದುಬಿಡ್ತಿದ್ದೆ. ತಲೆ ಕೊಯ್ದು, ಹೊಲಿದು, ನರಳಿಸಿ, ಕೊನೆಗೂ ಅದೇ ಆಗ್ತಿತ್ತು. ನಿನಗೆ ಗೊತ್ತಾಯ್ತು. ಓದಿದವರಿಗೆ ಗೊತ್ತಾಗತ್ತೆ.' ಅವಳು ಚಹಾ ಕುಡಿಯುತ್ತಾಳೆ. ಬೇಡವೆಂದರೂ ಅವರು ಇನ್ನೊಂದಿಷ್ಟು ಬಗ್ಗಿಸುತ್ತಾರೆ. ಮನುಷ್ಯ ರಾತ್ರಿ ನಿದ್ದೆ ಮಾಡುತ್ತಿರುವುದೇ ಆ ಮಾತಿನ ಮೇಲೆ ತಲೆಯಿಟ್ಟು, ಅದನ್ನು ಎಳೆದುಬಿಟ್ಟರೆ ಅವರ ಗತಿಯೇನು ಎಂದು ತನಗೆ ತಾನೇ ಕೇಳಿಕೊಳ್ಳುತ್ತ, ಅದು ದಯೆಯೋ ಹೇಡಿತನವೋ ಎಂದು ಬಗೆಹರಿಯದೆ, ಲೋಟ ತೊಳೆದಿಟ್ಟು ಬರುತ್ತಾಳೆ. ದಯೆಯಂತೆ ಕಾಣುವ ಹೇಡಿತನ ಎಷ್ಟು ಸುಖವಾದದ್ದು ಎಂದು ಈಗ ಹನಿ ನೋಡುತ್ತ ಅವಳಿಗೆ ಅನ್ನಿಸಿತು. ದ್ರಾವಣ ಕಂದು ಕಳೆದು ಗಾಢವಾಗುತ್ತಿತ್ತು. ಕಿಟಕಿಯ ಬೆಳಕಿಗೆ ಹಿಡಿದರೆ ಇನ್ನೂ ಆಚೆ ಬದಿ ಕಾಣುತ್ತದೆ, ಸ್ವಲ್ಪ ಹೊತ್ತಿನಲ್ಲಿ ಕಾಣುವುದಿಲ್ಲ.

'ಮೇಡಂ, ಭಾವ ಬಂದಿದಾರೆ,' ಎಂದ ರೇಡಿಯೋ ಬಾಗಿಲಲ್ಲಿ.

'ಯಾವ ಭಾವ?' ಈ ಒಂದು ವರ್ಷದಿಂದ ಅವಳು ತಪ್ಪದೆ ಕೇಳುವ ಪ್ರಶ್ನೆ. ಕಾರ್ಖಾನೆಯವರು ಅದನ್ನೂ ಒಂದು ತಮಾಷೆ ಮಾಡಿಕೊಂಡಿದ್ದರು.

'ನಿಮ್ಮ ಸ್ವಂತದ್ದು,' ಎಂದು ರೇಡಿಯೋ ನಕ್ಕ. 'ಗೇಟಲ್ಲಿ ಕೂತಿದಾರೆ. ಕೈಯಲ್ಲಿ ಏನೋ ದೊಡ್ಡ ಗಂಟಿದೆ.'

ಅವಳು ತಿರುಪು ಮುಚ್ಚಿ ಹೊರಗೆ ಹೋದಳು. ಗೇಟಿನ ಪಕ್ಕದ ತಗಡಿನ ಚಪ್ಪರದ ಕೆಳಗೆ, ಲಾರಿಯವರು ಕಾಯುವ ಬೆಂಚಿನ ತುದಿಯಲ್ಲಿ ಭಾವ ಕೂತಿದ್ದರು. ಬೆಂಚಿನಲ್ಲಿ ಎಷ್ಟು ಜಾಗವಿದ್ದರೂ ಅವರು ತುದಿಯಲ್ಲೇ ಕೂರುವುದು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ದಿಂಬೊಂದಿತ್ತು. ಬೆರಳ ಸಂದಿಯಲ್ಲಿ ಯಂತ್ರದೆಣ್ಣೆಯ ಕಪ್ಪು; ಅಕ್ಕ ಇದ್ದಾಗ ಊಟಕ್ಕೆ ಮುಂಚೆ ಉಜ್ಜಿ ಉಜ್ಜಿ ತೊಳೆಸುತ್ತಿದ್ದಳು.

'ಊಟ ಆಯ್ತಾ?' ಎಂದರು.

'ಇಲ್ಲ ಭಾವ, ಇನ್ನೂ ಆಗಿಲ್ಲ.'

'ಕೆಲಸದ ಮಧ್ಯೆ ಕರೆದೆ ಅಂತ ಕಾಣತ್ತೆ. ಪುಟ್ಟಿ ಬೆಳಗ್ಗೆ ಬ್ಯಾಗು ತುಂಬ್ಕೊಂಡು ಕಾಲೇಜಿಗೆ ಹೋದಳು, ಸಂಜೆ ಅಲ್ಲಿಂದಲೇ ನಿನ್ನ ಹತ್ರ ಬರ್ತಾಳಂತೆ. ದಿಂಬು ಬಿಟ್ಟು ಹೋಗಿದಾಳೆ. ಬೇರೆ ದಿಂಬಿನ ಮೇಲೆ ಅವಳಿಗೆ ನಿದ್ದೆ ಹತ್ತಲ್ಲ, ಚಿಕ್ಕವಳಿದ್ದಾಗಿಂದಲೂ.' ದಿಂಬನ್ನು ಅವಳ ಕೈಗೆ ಕೊಟ್ಟರು. 'ನಾನು ತಂದುಕೊಟ್ಟೆ ಅನ್ಬೇಡ. ತಗೊಳ್ಳಲ್ಲ.'

ದಿಂಬು ಹಗುರವಾಗಿತ್ತು, ನಡುವೆ ತಲೆಯಿಟ್ಟ ತಗ್ಗು ಹಾಗೇ ಇತ್ತು. ಅವಳು ಪಕ್ಕದಲ್ಲಿ ಕೂತಳು.

'ನೀವು ಅವಳಿಗೆ ಹೇಳಬಹುದಿತ್ತಲ್ಲ. ಚಿಕ್ಕಮ್ಮನೇ ಬೇಡ ಅಂದಿದ್ದು ಅಂತ.'

'ಹೇಳಿ? ಅಮ್ಮ ಹೋದಳು. ನನ್ನ ಕಂಡ್ರೆ ಆಗಲ್ಲ. ಉಳಿದಿರೋದು ನೀನೊಬ್ಬಳು. ಅದನ್ನೂ ಕಿತ್ಕೊಳ್ಳಲಾ?'

ಮಗಳು ಮನೆ ಬಿಟ್ಟು ಹೋಗಿದ್ದಾಳೆ, ಈ ಮನುಷ್ಯ ಬಿಸಿಲಲ್ಲಿ ಅವಳ ದಿಂಬು ಹೊತ್ತು ಬಂದಿದ್ದಾರೆ, ಅದೂ ತಾನು ತಂದೆನೆಂದು ಹೇಳಬೇಡ ಎನ್ನುತ್ತಿದ್ದಾರೆ. ಅವಳಿಗೆ ಇನ್ನೊಂದು ಲೋಟ ಚಹಾದ ಹಾಗೆ ಇದನ್ನೂ ಕುಡಿದು ಎದ್ದು ಹೋಗಲು ಸಾಧ್ಯವಿರಲಿಲ್ಲ.

'ಭಾವ, ಅವತ್ತು ನಾನು ಹೇಳಿದ್ದು ಅಕ್ಕನ ವಿಷಯ ಅಲ್ಲ.'

ಅವರು ಅವಳ ಮುಖ ನೋಡಿದರು. ಅವಳು ಹೇಳತೊಡಗಿದಳು, ಹೆಪ್ಪು ಎಂದರೆ ಇಲ್ಲಿ ಏನು, ಅದು ಹೇಗೆ ಗಂಟುಕಟ್ಟುತ್ತದೆ, ಕಟ್ಟಿದರೆ ಏನನ್ನುತ್ತಾರೆ, ಬೆಳಗಿನಿಂದ ಟ್ಯಾಂಕಿನ ಗಲಾಟೆ ಹೇಗಿತ್ತು. ಬಾಯಿಂದ ಹೊರಬಂದಂತೆಲ್ಲ ಅದು ಯಾರೋ ಪುಕ್ಕಟೆ ನಗಿಸಲು ಕಟ್ಟಿದ ಕಥೆಯ ಹಾಗೆ ಕೇಳುತ್ತಿತ್ತು. ಅವಳಿಗೆ ನಾಚಿಕೆಯಾಯಿತು. ಇಂಥದ್ದೊಂದು ಹಾಸ್ಯಾಸ್ಪದ ಕಾರಣಕ್ಕೆ ಅಕ್ಕ ಸತ್ತಳೆಂದು ಹೇಳಬೇಕಾಗಿ ಬಂದದ್ದಕ್ಕೆ, ತನ್ನ ತಪ್ಪಿಗಿಂತಲೂ ಹೆಚ್ಚು ನಾಚಿಕೆಯಾಯಿತು. 'ಆದ್ರೆ ನಾನು ಭಾವ ಅಂತ ಹೇ­ಳಿದ್ನಲ್ಲಮ್ಮ,' ಎಂದರು ಅವರು. 'ಭಾವ ಮಾತಾಡ್ತಿರೋದು ಅಂತ ಸ್ಪಷ್ಟವಾಗಿ ಹೇಳಿದೆ.' ಅವಳು ಉತ್ತರಿಸುವ ಮೊದಲೇ ಶೆಡ್ಡಿನ ಒಳಗಿನಿಂದ ಯಾರೋ 'ಭಾವಾ, ಇಲ್ಲಿ ಬನ್ನಿ ಸ್ವಲ್ಪ,' ಎಂದು ಕೂಗಿದರು. ಅವರು ತಟ್ಟನೆ ತಲೆ ತಿರುಗಿಸಿದರು. ಅಂಗಳದ ಆಚೆ ಬೀಡಿ ಸೇದುತ್ತ ನಿಂತಿದ್ದ ಮೇಸ್ತ್ರಿಯೂ ತಲೆ ತಿರುಗಿಸಿದ, ಬೀಡಿ ಬಿಸಾಡಿ ಒಳಗೆ ಹೋದ. ಭಾವ ಅವನು ಹೋದ ಬಾಗಿಲನ್ನೇ ಬಹಳ ಹೊತ್ತು ನೋಡಿದರು. ಮುಂದಕ್ಕೆ ವಿವರಿಸುವುದೇನೂ ಉಳಿಯಲಿಲ್ಲ.

'ಹಾಗಾದ್ರೆ ಆ ಮಾತು ನನಗಲ್ಲ,' ಎಂದರು.

ಅವಳು ದಿಂಬನ್ನು ಒತ್ತಿ ಹಿಡಿದಳು.

'"ಇಷ್ಟಕ್ಕೆಲ್ಲ ನನ್ನನ್ನ ಕೇಳಬೇಕಾ" ಅಂದೆಯಂತೆ. ಅದೊಂದು ಮಾತ್ರ ನನಗೆ ಅರ್ಥ ಆಗಿರಲಿಲ್ಲ. ಅಕ್ಕ ಸಾಯ್ತಿದಾಳೆ, ಇಷ್ಟಕ್ಕೆಲ್ಲ ಅಂತಾಳಲ್ಲ, ಯಾಕೆ ಅಂತಾಳೆ ಅಂತ. ನಿನಗೂ ಗಾಬರಿ ಆಗಿರಬೇಕು, ಅದಕ್ಕೇ ಹಾಗೆ ಅಂದಿದೀಯ ಅಂದ್ಕೊಂಡೆ. ಯಾರಿಗೂ ಹೇಳಲಿಲ್ಲ.' ಮೇಸ್ತ್ರಿ ಹೋದ ಬಾಗಿಲಿನ ಕಡೆ ಮತ್ತೊಮ್ಮೆ ನೋಡಿದರು. 'ಈಗ ಅರ್ಥ ಆಯ್ತು.'

ಅವಳಿಗೆ ಆಗ ಅಳು ಬಂತು. ಒಂದು ವರ್ಷ ತಡೆದಿಟ್ಟದ್ದು, ಲಾರಿಯವರ ಬೆಂಚಿನ ಮೇಲೆ, ಗೇಟಿನವರ ಎದುರು, ದಿಂಬಿಗೆ ಮುಖ ಕೊಟ್ಟು. ಭಾವ ಅವಳನ್ನು ಸಮಾಧಾನ ಮಾಡಲಿಲ್ಲ. ಮಾಡಿದ್ದರೆ ಅವಳು ಸಹಿಸುತ್ತಿರಲಿಲ್ಲ. ಅವರು ಬೆರಳ ಸಂದಿಯ ಕಪ್ಪನ್ನು ಇನ್ನೊಂದು ಕೈಯ ಉಗುರಿನಿಂದ ಕೆರೆಯುತ್ತ ಕೂತಿದ್ದರು.

'ಆ ಟ್ಯಾಂಕು ಏನಾಯ್ತು?' ಎಂದು ಕೇಳಿದರು ಕೊನೆಗೆ.

'ಏನೂ ಆಗಿರಲಿಲ್ಲ ಭಾವ. ಚೆನ್ನಾಗಿತ್ತು.'

'ಒಳ್ಳೇದಾಯ್ತು,' ಎಂದರು, ಯಾರ ಯಂತ್ರ ರಿಪೇರಿಯಾದರೂ ಹೇಳುವ ಹಾಗೆ, ಬಾಯಿರೂಢಿಗೆ. ಹೇಳಿದ ಮೇಲೆ ಅವರಿಗೇ ಅದು ಕೇಳಿಸಿತು. ಎದ್ದು ನಿಂತರು. ಮೊಣಕಾಲು ನೋವಿನವರು ಬೆಂಚು ಹಿಡಿಯದೆ ಏಳುತ್ತಿರಲಿಲ್ಲ, ಇವತ್ತು ಹಿಡಿಯಲಿಲ್ಲ. 'ಪುಟ್ಟಿಗೆ ಹೇಳಬೇಡ. ಅವಳಿಗೆ ಬೈಯೋಕೆ ಒಬ್ಬರು ಬೇಕು, ಇರೋಕೆ ಒಂದು ಮನೆ ಬೇಕು. ಎರಡೂ ಒಂದೇ ಕಡೆ ಆಗಲ್ಲ. ಬೈಸ್ಕೊಳ್ಳೋದು ನನಗೆ ರೂಢಿಯಾಗಿದೆ.' ಹೊರಟವರು ಗೇಟಿನಲ್ಲಿ ನಿಂತು, ಏನೋ ಮರೆತವರಂತೆ ತಿರುಗಿದರು. 'ಇವತ್ತು ರಾತ್ರಿ ನನಗೆ ನಿದ್ದೆ ಬರಲ್ಲ. ಅದಕ್ಕೆ ನೀನು ಬೇಜಾರು ಮಾಡ್ಕೋಬೇಡ,' ಎಂದರು. ಹೊರಗೆ ಚಹಾಕ್ಕೆ ಹೊರಟಿದ್ದ ರೇಡಿಯೋ ಅವರಿಗೆ ಏನೋ ತಮಾಷೆ ಹೇಳಿದ. ಅವರು ಮರ್ಯಾದೆಗೆ ನಕ್ಕು, ಬೀದಿಯ ನೆರಳಿಲ್ಲದ ಬದಿಯಲ್ಲಿ ನಡೆದು ಹೋದರು.

ಮತ್ತೆ ಒಳಗೆ ಬಂದು, ಮುಖ ತೊಳೆದುಕೊಂಡು, ತಿರುಪು ಬಿಟ್ಟಳು. ಕೆಡುತ್ತದೆ ಎಂದುಕೊಂಡಿದ್ದಳು, ಕೆಡಲೆಂದು ಒಳಗೊಳಗೆ ಬಯಸಿದ್ದಳು ಕೂಡ. ಕೆಡಲಿಲ್ಲ. ದ್ರಾವಣ ಹದವಾಗಿ ಕಪ್ಪಾಯಿತು, ಒಂದು ಚೂರೂ ಮಡ್ಡಿ ಕೂರಲಿಲ್ಲ. ಪರೀಕ್ಷೆಗೆಂದು ಪ್ಲಾಸ್ಟಿಕ್ ತಿರುಪೊಂದನ್ನು ಅದರಲ್ಲಿ ಅದ್ದಿ, ತೊಳೆದು, ನಿಕ್ಕಲ್ ನೀರಿಗೆ ಇಳಿಸಿದರೆ ಸಣ್ಣ ಗುಳ್ಳೆಗಳೆದ್ದು ಬಿಳಿ ಹೊಳಪು ಎಲ್ಲ ಕಡೆಯೂ ಒಂದೇ ಸಮ ಹಿಡಿಯಿತು. ಹೊಳಪಿನಲ್ಲಿ ತನ್ನ ಮುಖ ಅಡ್ಡಡ್ಡ ಹಿಗ್ಗಿ ಕಂಡಿತು. ಮೇಸ್ತ್ರಿ ಬಂದು ಅದನ್ನು ಬೆಳಕಿಗೆ ತಿರುಗಿಸಿ ನೋಡಿ, 'ನಿಮ್ಮ ಕೈಯ ಹೆಪ್ಪು ಅಂದ್ರೆ ಹೆಪ್ಪೇ ಬಿಡಿ,' ಎಂದ. ಅವಳು ತಲೆಯಾಡಿಸಿದಳು. ಭಾವನ ಮಾತು ಕೇಳಿದರೆ ಎಲ್ಲರಿಗೂ ಒಂದು ವ್ಯವಸ್ಥೆಯಾಗುತ್ತದೆ. ಪುಟ್ಟಿಗೆ ಮನೆ ಸಿಗುತ್ತದೆ, ತನಗೆ ಪುಟ್ಟಿ ಸಿಗುತ್ತಾಳೆ, ಭಾವನಿಗೆ ರೂಢಿಯಾದದ್ದು ಸಿಗುತ್ತದೆ. ಹಾಗೇ ಬಿಡಿ. ಅಲುಗಾಡಿಸಬೇಡಿ. ಅದೇ ಮಾತನ್ನು ಈಗ ಭಾವ ತನಗೆ ಹಿಂದಿರುಗಿಸಿ ಹೋಗಿದ್ದಾರೆ ಎಂದು ಕೈಗವಸು ಬಿಚ್ಚುವಾಗ ಅವಳಿಗೆ ಹೊಳೆಯಿತು.

ಸಂಜೆ ಮೆಟ್ಟಿಲ ಮೇಲೆ ಬ್ಯಾಗಿನ ಗಾಲಿ ಬಡಿಯುವ ಸದ್ದು ಕೇಳಿ ಬಾಗಿಲು ತೆರೆದಳು. ಪುಟ್ಟಿ ಏದುಸಿರು ಬಿಡುತ್ತ ಒಳಗೆ ಬಂದು, ಚಪ್ಪಲಿಯನ್ನು ಅವಳ ಚಪ್ಪಲಿಯ ಪಕ್ಕಕ್ಕೆ ಕಳಚಿ, ಸೀದಾ ಅಡುಗೆಮನೆಗೆ ಹೋಗಿ ನೀರು ಕುಡಿದಳು. ಪಾತ್ರೆಗಳ ಮುಚ್ಚಳ ತೆಗೆದು ತೆಗೆದು ನೋಡಿದಳು. ಅದೂ ಅಕ್ಕನ ಚಾಳಿಯೇ.

'ಹಾಲು ಇಷ್ಟಿದೆ, ಮೊಸರೇ ಇಲ್ವಾ ಚಿಕ್ಕಮ್ಮ? ಹೆಪ್ಪಿಗೂ ಒಂಚೂರು ಇಲ್ವಾ?'

'ಮನೇಲಿ ಹೆಪ್ಪು ಹಾಕೋದು ಬಿಟ್ಟೆ.'

'ಯಾಕೆ?' ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಒಳಕೋಣೆಗೆ ಹೋದಳು. ಹಾಸಿಗೆಯ ಮೇಲೆ ದಿಂಬು ಕಂಡಿತು. ಕೈಯಲ್ಲಿ ಎತ್ತಿಕೊಂಡು ತಗ್ಗಿನ ಮೇಲೆ ಬೆರಳಾಡಿಸಿದಳು. 'ಇದು ಇಲ್ಲಿಗೆ ಹೇಗೆ ಬಂತು?'

'ನಿಮ್ಮಪ್ಪ ತಂದುಕೊಟ್ರು. ನಾನು ಕೊಟ್ಟೆ ಅಂತ ಹೇಳಬೇಡ ಅಂದ್ರು.'

ಪುಟ್ಟಿಯ ಮುಖ ಒಂದು ಕ್ಷಣ ಕಲಕಿತು, ಮತ್ತೆ ಬಿಗಿಯಾಯಿತು. ದಿಂಬನ್ನು ಹಾಸಿಗೆಯ ಮೇಲಿಟ್ಟು, ಬ್ಯಾಗನ್ನು ಕಪಾಟಿನ ಮುಂದಕ್ಕೆ ಎಳೆದು, ಜಿಪ್ಪಿಗೆ ಕೈ ಹಾಕಿದಳು. ಎರಡು ಖಾಲಿ ಅರೆಗಳು ತೆರೆದುಕೊಂಡು ಕಾಯುತ್ತಿದ್ದವು.

'ಬ್ಯಾಗು ಬಿಚ್ಚಬೇಡ ಪುಟ್ಟಿ. ಮೊದಲು ಕೂತ್ಕೋ. ನಾನು ಹೇಳೋದನ್ನ ಕೇಳಿದ ಮೇಲೆ ಬೇಕಾದ್ರೆ ಬಿಚ್ಚು.'

'ಏನು ಹೇಳೋದು?' ಪುಟ್ಟಿ ಹಾಸಿಗೆಯ ಅಂಚಿನಲ್ಲಿ ಕೂತಳು, ಜಾಗವಿದ್ದರೂ ತುದಿಯಲ್ಲಿ, ಅವಳಪ್ಪನ ಹಾಗೆ.

ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಅವಳು ಬಾಗಿಲಿಗೆ ಒರಗಿ ನಿಂತಳು. 'ನಮ್ಮ ಕಾರ್ಖಾನೇಲಿ ನಾನು ಒಂದು ದ್ರಾವಣ ಮಾಡ್ತೀನಲ್ಲ, ಕಪ್ಪಗಿರತ್ತೆ, ಪ್ಲಾಸ್ಟಿಕ್ಕಿಗೆ ಲೋಹ ಹಿಡಿಸೋಕೆ. ಅದಕ್ಕೆ ದೊಡ್ಡ ಹೆಸರಿದೆ. ಆದ್ರೆ ಅಲ್ಲಿ ಯಾರೂ ಆ ಹೆಸರು ಹೇಳಲ್ಲ. ನಿಮ್ಮಮ್ಮ ಇಟ್ಟ ಹೆಸರನ್ನೇ ಹೇಳ್ತಾರೆ.'

'ಅಮ್ಮನಾ? ನಿಮ್ಮ ಕಾರ್ಖಾನೆಗೆ?' ಪುಟ್ಟಿಯ ಕಣ್ಣು ಅರಳಿತು. 'ಏನಂತ?'

'ಹೆಪ್ಪು.'

ಪುಟ್ಟಿ ಅವಳನ್ನು ನೋಡಿದಳು. ಮೊದಲು ಭುಜ ಕುಣಿಯಿತು. ಆಮೇಲೆ ಅಂಗೈ ಬಾಯಿಗೆ ಹೋಯಿತು. ಸದ್ದು ಎಲ್ಲಕ್ಕಿಂತ ಕೊನೆಗೆ ಬಂತು. ಆ ನಗು ತಾನಾಗಿಯೇ ಮುಗಿಯಲಿ ಎಂದು ಅವಳು ಕಾದಳು.